ತಾತ ಸಿಕ್ಕಿದ, ಅಜ್ಜಿಯ ಹೆಸರೇನು?

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಒಬ್ಬಾಕೆ ಇದ್ದಾಳೆಂದು ಇಟ್ಟುಕೊಳ್ಳಿ. ತಾಯಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಹಳದಿಗೆ ತಿರುಗಿದ ಒಂದು ಚೀಟಿ ಸಿಕ್ಕಿದೆ. ಅದರಲ್ಲಿರುವುದು ಒಂದೇ ಸಾಲು: ಅಜ್ಜಿ ಹುಟ್ಟಿದ್ದು ಬೀರೂರು, ಕಡೂರು ಡಿಸ್ಟ್ರಿಕ್ಟು, ಮೈಸೂರು. ಆಕೆ ಭೂಪಟ ತೆಗೆದು ನೋಡುತ್ತಾಳೆ. ಕಡೂರು ಎಂಬ ಜಿಲ್ಲೆಯೇ ಇಲ್ಲ! ಮೈಸೂರು ನೋಡಿದರೆ ಬೀರೂರಿನಿಂದ ಎಷ್ಟೋ ದೂರ. ಚೀಟಿಯೇ ಸುಳ್ಳಿರಬಹುದೇ ಎಂದು ಆಕೆಗೆ ಅನುಮಾನ.

ನಮಗೆ ನಿಮಗಾದರೆ ಈ ಗಂಟು ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚುತ್ತದೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. ಮೈಸೂರು ಎಂದು ಬರೆದಿರುವುದು ಊರಿನ ಹೆಸರಲ್ಲ, ಸಂಸ್ಥಾನದ ಹೆಸರು. ಬೀರೂರಿನ ಮನೆಯಲ್ಲಿ ಕೂತ ಗೃಹಿಣಿಗೆ ಗೊತ್ತಿರುವ ಈ ಸಣ್ಣ ಸಂಗತಿ ಪರ್ತಿನಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು?

ಹೀಗೆ ಚೀಟಿ ಹಿಡಿದು ಹುಡುಕುವವರು ಒಬ್ಬಿಬ್ಬರಲ್ಲ. ಇಂಗ್ಲೆಂಡು, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ನೆಲೆಸಿರುವ ಆಂಗ್ಲೋ ಇಂಡಿಯನ್ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಈ ಹುಡುಕಾಟಕ್ಕೆ ಇಳಿದಿದ್ದಾರೆ. ಅವರ ಹಿರಿಯರಲ್ಲಿ ಎಷ್ಟೋ ಮಂದಿ ರೈಲಿನ ಜನ: ಡ್ರೈವರು, ಗಾರ್ಡು, ತಂತಿ ಆಫೀಸಿನವರು, ಹಳಿ ನೋಡಿಕೊಳ್ಳುವ ಇನ್ಸ್‌ಪೆಕ್ಟರು. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿ 1889ರ ಹೊತ್ತಿಗೆ ಪೂರ್ತಿಯಾಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊಡೆದು ನಮ್ಮ ಊರು ಜಂಕ್ಷನ್ ಆಯಿತು. ಜಂಕ್ಷನ್ ಇದ್ದಲ್ಲಿ ರೈಲ್ವೆ ಕ್ವಾರ್ಟರ್ಸು, ಕ್ವಾರ್ಟರ್ಸು ಇದ್ದಲ್ಲಿ ಸಂಸಾರ, ಸಂಸಾರ ಇದ್ದಲ್ಲಿ ತೊಟ್ಟಿಲು. ಇನ್ನು ಪಕ್ಕದ ಗಿರಿಸೀಮೆಯಲ್ಲಿ ಕಾಫಿ ತೋಟದ ದೊರೆಗಳು ಇದ್ದದ್ದು ಎಲ್ಲರಿಗೂ ಗೊತ್ತೇ ಇದೆ.

ಆ ಮಕ್ಕಳ ಲೆಕ್ಕ ಎಲ್ಲಿದೆ ಎನ್ನುವಿರಾ? ಮಗುವಿಗೆ ಜ್ಞಾನಸ್ನಾನ ಮಾಡಿಸಿದ ಪಾದ್ರಿ ಅದನ್ನು ಚರ್ಚಿನ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅದರ ನಕಲು ಮದರಾಸು ಇಲ್ಲವೆ ಬೊಂಬಾಯಿಯ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಮದರಾಸಿನ ಕಟ್ಟು 1698ರಿಂದ 1948ರವರೆಗಿನದು. ಅದೆಲ್ಲ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೈಸೂರು ಸೀಮೆಯ ಹೆಸರುಗಳನ್ನು ಮದರಾಸಿನ ಕಟ್ಟಿನಲ್ಲಿ ಹುಡುಕಬೇಕು. ಹುಬ್ಬಳ್ಳಿ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು, ಅಲ್ಲಿಯದು ಬೊಂಬಾಯಿಯ ಕಟ್ಟಿನಲ್ಲಿ. ರೈಲಿನವರಿಗೆ ಹುಬ್ಬಳ್ಳಿ ವರ್ಕ್‌ಷಾಪು ತವರುಮನೆ ಇದ್ದ ಹಾಗೆ. ಹೆರಿಗೆ ಬೀರೂರಲ್ಲಿ ಆಗಿ, ಜ್ಞಾನಸ್ನಾನ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಆಗಿದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಎಲ್ಲಿಗೆ ಹೋಗುತ್ತೇವೆ, ನಾಮಕರಣ ಎಲ್ಲಿ ಮಾಡುತ್ತೇವೆ, ನೀವೇ ಯೋಚಿಸಿ.

ಹಿಂದೆ ಈ ಪುಸ್ತಕ ನೋಡಲು ಲಂಡನ್ನಿಗೇ ಹೋಗಬೇಕಿತ್ತು. ಈಗ ಕೈಯಲ್ಲಿರುವ ಫೋನಿನಲ್ಲೇ ನೋಡಬಹುದು. ಫ್ಯಾಮಿಲಿಸರ್ಚ್ ಎಂಬಲ್ಲಿ ಹೆಸರು ನೋಂದಾಯಿಸಿಕೊಂಡರೆ ಪಟ್ಟಿಯನ್ನು ಪುಕ್ಕಟೆಯಾಗಿ ಹುಡುಕಬಹುದು. ಪುಟದ ಚಿತ್ರವೇ ಬೇಕೆಂದರೆ ಫೈಂಡ್‌ಮೈಪಾಸ್ಟ್ ಎಂಬುದಿದೆ, ಅದಕ್ಕೆ ದುಡ್ಡು ಕಟ್ಟಬೇಕು. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ ಎಂಬ ಸಂಘವೂ ತಾನು ಕಲೆಹಾಕಿದ ಹೆಸರುಗಳನ್ನು ಹಣ ಕೇಳದೆ ತೋರಿಸುತ್ತದೆ. ಮೊದಲು ಪುಕ್ಕಟೆಯದನ್ನು ಜಾಲಾಡಿ, ಆಮೇಲೆ ದುಡ್ಡಿನ ಮಾತು. ಊರಿನ ಹೆಸರನ್ನು ಒಂದೇ ರೀತಿ ಬರೆದು ಹುಡುಕಿದರೆ ಸಾಲದು. ಬೀರೂರು, ಬಿರೂರ್, ಬೆರೂರ್ ಎಂದು ದೊರೆಗಳ ನಾಲಿಗೆಗೆ ಹೊರಳಿದ ಹಾಗೆಲ್ಲ ಬರೆದು ನೋಡಬೇಕು.

ಇಲ್ಲಿಂದ ಮುಂದಕ್ಕೆ ಕಡಲು ದಾಟಬೇಕು. ಮುತ್ತಜ್ಜ ಇಂಗ್ಲೆಂಡಿನವನಾದರೆ ಕೆಲಸ ಅರ್ಧ ಸಲೀಸು. ಅಲ್ಲಿ 1837ರ ಜುಲೈ 1ರಿಂದ ಜನನ, ಮರಣ, ಮದುವೆಗಳನ್ನು ಸರ್ಕಾರವೇ ದಾಖಲು ಮಾಡುತ್ತ ಬಂದಿದೆ. ಐರ್ಲೆಂಡಿನವನಾದರೆ? ಅಲ್ಲಿಯದು ಕಣ್ಣೀರಿನ ಕಥೆ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಬರಕ್ಕೆ ಮೊದಲೂ ಆಮೇಲೂ ಹೊಟ್ಟೆಪಾಡಿಗಾಗಿ ಪಲ್ಟನ್ ಸೇರಿ ಹಿಂದೂಸ್ತಾನಕ್ಕೆ ಬಂದ ಐರಿಷ್ ಹುಡುಗರು ಬಹಳ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಬಂದದ್ದು ಅಂಥ ಐರಿಷ್ ಸಿಪಾಯಿಯೊಬ್ಬನಿಂದಲೇ. ಕೋಲಾರದಲ್ಲಿ ಚಿನ್ನ ತೆಗೆಯಲು 1873ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದವನು ಆತ.

ಇಂಥವರ ಊರಿನ ಲೆಕ್ಕಕ್ಕೆ ಬೆಂಕಿಯ ಕಾಟ. 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಹೊತ್ತಿನಲ್ಲಿ, ಡಬ್ಲಿನ್ನಿನ ದಾಖಲೆ ಕಚೇರಿ ಸ್ಫೋಟಗೊಂಡು ಉರಿದುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಕಾಗದಗಳಲ್ಲಿ ಬಹುಪಾಲು ಬೂದಿಯಾದವು. ಆಮೇಲಿನ ನಾಲ್ಕು ಗಣತಿಗಳನ್ನು ಸರ್ಕಾರವೇ ಮೊದಲು ನಾಶಮಾಡಿತ್ತು. ಪೂರ್ತಿ ಉಳಿದಿರುವ ಹಳೆಯವು 1901 ಮತ್ತು 1911ರವು. ಎರಡನ್ನೂ ಯಾರು ಬೇಕಾದರೂ ಹಣವಿಲ್ಲದೆ ನೋಡಬಹುದು. ಕ್ಯಾಥೊಲಿಕ್ ಚರ್ಚುಗಳ ಹಳೆಯ ಪುಸ್ತಕಗಳು ಆ ಕಟ್ಟಡದಲ್ಲಿರದೆ ಹಳ್ಳಿಯ ಚರ್ಚುಗಳಲ್ಲೇ ಇದ್ದುದರಿಂದ ಬದುಕಿಕೊಂಡವು. 1880ರ ಸುಮಾರಿನವರೆಗಿನ ಆ ಪುಟಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಒಂದು ತೊಡಕು ಮಾತ್ರ ನಮ್ಮ ದೇಶದ ಕಡೆಯಿಂದಲೇ ಇದೆ. ಇಲ್ಲಿಯ ಕ್ಯಾಥೊಲಿಕ್ ಚರ್ಚುಗಳಿಂದ ಲಂಡನ್ನಿಗೆ ನಕಲು ಹೋದದ್ದು ಅಷ್ಟಕ್ಕಷ್ಟೆ. ಐರಿಷರಲ್ಲಿ ಬಹುಮಂದಿ ಕ್ಯಾಥೊಲಿಕರು. ಲಂಡನ್ನಿನ ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಆ ಮಗು ಹುಟ್ಟಲೇ ಇಲ್ಲವೆಂದಲ್ಲ. ಇಲ್ಲಿಯ ಚರ್ಚಿಗೇ ಕಾಗದ ಬರೆಯಬೇಕು.

ಸತ್ತವರ ಹೆಸರು ಕಟ್ಟಿಕೊಂಡು ಇವರಿಗೆ ಆಗಬೇಕಾದದ್ದೇನು ಎಂದು ನಮ್ಮ ಅತ್ತೆಯವರಂಥವರು ಕೇಳಿಯಾರು. ಕೆಲವರಿಗೆ ಬರಿಯ ಕುತೂಹಲ. ಕೆಲವರಿಗೆ ಜೀವನದ ಪ್ರಶ್ನೆ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಆ ದೇಶದ ಪೌರತ್ವ ಕೇಳುವ ಹಕ್ಕಿದೆ. ಬ್ರಿಟನ್ನಿನಲ್ಲಿ ಹುಟ್ಟಿದ್ದರೆ, ಭಾರತವೂ ಸೇರಿ ಕಾಮನ್‌ವೆಲ್ತ್ ದೇಶದವರು ಅಲ್ಲಿ ದುಡಿಯಲು ವಂಶದ ವೀಸಾ ಕೇಳಬಹುದು. ಆದರೆ ಬಾಯಿಮಾತು ನಡೆಯದು. ಅಜ್ಜನ ಜನನಪತ್ರ, ಅಪ್ಪನದು, ತನ್ನದು, ನಡುವಿನ ಮದುವೆಯ ಪತ್ರ, ಎಲ್ಲವೂ ಸರಪಣಿಯಂತೆ ಕೂಡಬೇಕು. ಒಂದು ಕೊಂಡಿ ತಪ್ಪಿದರೆ ಎಲ್ಲವೂ ತಪ್ಪಿದಂತೆಯೇ.

ಸರಪಣಿ ತಪ್ಪುವುದು ಹೆಚ್ಚಾಗಿ ಎಲ್ಲಿ ಗೊತ್ತೇ? ಹೆಂಗಸಿನ ಹೆಸರಿನಲ್ಲಿ.

ಹಳೆಯ ಜ್ಞಾನಸ್ನಾನದ ಪುಸ್ತಕದಲ್ಲಿ ಅಪ್ಪನ ಪೂರ್ತಿ ಹೆಸರಿದೆ, ಉದ್ಯೋಗವಿದೆ. ಅಮ್ಮನದು ಬರಿಯ ಮೇರಿ, ಇಲ್ಲವೆ ಆನ್. ಆಕೆ ಯಾರ ಮಗಳು? ಯಾವ ಊರು? ತಮಿಳೋ ಕನ್ನಡವೋ ತೆಲುಗೋ? ಮತಕ್ಕೆ ಸೇರುವ ಮೊದಲು ತಾಯಿ ಕರೆಯುತ್ತಿದ್ದ ಹೆಸರು ಯಾವುದು? ಒಂದಕ್ಕೂ ಉತ್ತರವಿಲ್ಲ. ಇನ್ನೂ ಹಳೆಯ ಪುಟಗಳಲ್ಲಿ ಕೆಲವು ಕಡೆ ಆ ಬಡ ಮೇರಿಯೂ ಇಲ್ಲ, ಈ ದೇಶದ ಹೆಂಗಸು ಎಂದಷ್ಟೇ ಇರುತ್ತದೆ. ಕಂಪನಿಯವರಿಗೆ ಈ ತಾಯಂದಿರು ಬೇಡವಾಗಿದ್ದರೆ? ಹಾಗೂ ಅಲ್ಲ. 1687ರಲ್ಲಿ ಲಂಡನ್ನಿನ ಡೈರೆಕ್ಟರುಗಳು ಮದರಾಸಿಗೆ ಕಾಗದ ಬರೆದು, ಸಿಪಾಯಿಗಳು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಲಿ ಎಂದು ಉತ್ತೇಜಿಸಿದರು. ಹುಟ್ಟಿದ ಮಗುವಿಗೆ ಜ್ಞಾನಸ್ನಾನವಾದ ದಿನ ತಾಯಿಗೆ ಒಂದು ಪಗೋಡ, ಅಂದರೆ ನಮ್ಮ ಒಂದು ವರಹ, ಕೊಡುವ ಮಾತನ್ನೂ ಆಡಿದರು. ವರಹ ಕೊಡಲು ಮನಸ್ಸು ಬಂತು, ತಾಯಿಯ ಹೆಸರು ನೆಟ್ಟಗೆ ಬರೆಯಲು ಬರಲಿಲ್ಲ ನೋಡಿ!

ನಮ್ಮ ಸಂವಿಧಾನವೂ ಆಂಗ್ಲೋ ಇಂಡಿಯನ್ ಯಾರೆಂದು ಹೇಳುವಾಗ ಗಂಡಸಿನ ಸಾಲನ್ನೇ ಹಿಡಿಯಿತು. ತಂದೆಯೋ ತಂದೆಯ ಕಡೆಯ ಹಿರಿಯನೋ ಯೂರೋಪಿನ ಮೂಲದವನಾಗಿರಬೇಕು. ತಾಯಿ ಇಂಗ್ಲೀಷಿನವಳಾಗಿ ತಂದೆ ನಮ್ಮವನಾದರೆ ಆ ಮಗು ಆ ಲೆಕ್ಕಕ್ಕಿಲ್ಲ.

ಇದು ಹಿಂದೂಸ್ತಾನದ್ದೇ ದೋಷ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲೇ 1837ರಿಂದ ಮದುವೆಯ ಪತ್ರದಲ್ಲಿ ವರನ ತಂದೆ, ವಧುವಿನ ತಂದೆ, ಇಬ್ಬರದೇ ಹೆಸರು. ತಾಯಂದಿರ ಹೆಸರಿಗೆ ಅಲ್ಲಿ ಜಾಗ ಸಿಕ್ಕಿದ್ದು ಯಾವಾಗ ಎಂದುಕೊಂಡಿರಿ? 2021ರ ಮೇ ತಿಂಗಳಲ್ಲಿ! ರಾಣಿಯರು ಆಳಿದ ದೇಶದಲ್ಲಿ 184 ವರ್ಷ ಹಿಡಿಯಿತು. ಜನನದ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಕಾಣುತ್ತಿದ್ದದ್ದು 1911ರ ನಂತರದ ಮಕ್ಕಳಿಗೆ ಮಾತ್ರ. 2016ರಲ್ಲಿ ಅಲ್ಲಿಯ ನೋಂದಣಿ ಇಲಾಖೆ ಹೊಸ ಸೂಚಿ ಮಾಡಿ, 1837ರವರೆಗೂ ಹಿಂದಕ್ಕೆ ಹೋಗಿ ತಾಯಿಯ ತವರಿನ ಹೆಸರು ಸೇರಿಸಿದ ಮೇಲೆ ಎಷ್ಟೋ ಮಂದಿಗೆ ಮುಚ್ಚಿದ ಬಾಗಿಲು ತೆರೆಯಿತು. ಈ ವಿಷಯದಲ್ಲಿ ಐರ್ಲೆಂಡಿನ ಹಳ್ಳಿಯ ಪಾದ್ರಿಗಳೇ ಮೇಲು. ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ತಾಯಿಯ ತವರಿನ ಹೆಸರನ್ನು ಸಾಮಾನ್ಯವಾಗಿ ಬರೆದಿಟ್ಟಿದ್ದಾರೆ.

ಕಾಗದದಲ್ಲಿ ಕಳೆದುಹೋದ ಅಜ್ಜಿ ಬೇರೆ ದಾರಿಯಿಂದ ಬಂದದ್ದೂ ಉಂಟು. ಡಯಾನಾ ರಾಜಕುಮಾರಿಯನ್ನು ಎಲ್ಲರೂ ಬಲ್ಲಿರಿ. ಅವಳ ತಾಯಿಯ ತಾಯಿ, ಆ ತಾಯಿಯ ತಾಯಿ ಎಂದು ಹಿಂದೆ ಹೋದರೆ ಸೂರತ್ತಿನಲ್ಲಿದ್ದ ಎಲೈಜಾ ಕೆವಾರ್ಕ್ ಎಂಬ ಹೆಂಗಸಿಗೆ ನಿಲ್ಲುತ್ತದೆ. ಅವಳು ಕಂಪನಿಯ ಕೆಲಸದಲ್ಲಿದ್ದ ಸ್ಕಾಟ್ಲೆಂಡಿನ ಥಿಯೊಡೋರ್ ಫೋರ್ಬ್ಸ್ ಎಂಬವನ ಜೊತೆ ಬಾಳಿದವಳು. ಮಗಳನ್ನು ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿಸಿ ಅಪ್ಪನ ಊರಿಗೆ ಕಳಿಸಿದರು. ತಾಯಿ ಇಲ್ಲೇ ಉಳಿದಳು. ಆಕೆ ಅರ್ಮೇನಿಯದವಳು ಎಂದು ಮನೆತನದಲ್ಲಿ ಹೇಳಿಕೊಂಡು ಬಂದರು. 2013ರಲ್ಲಿ ಆ ಹೆಣ್ಣುಸಾಲಿನ ಬಂಧುಗಳ ಜೊಲ್ಲು ಪರೀಕ್ಷೆ ಮಾಡಿದಾಗ, ತಾಯಿಯಿಂದ ಮಕ್ಕಳಿಗಷ್ಟೇ ಇಳಿಯುವ ಡಿಎನ್‌ಎ ಗುರುತು ನಮ್ಮ ಕಡೆಯ ಜನರಲ್ಲಿ ಕಾಣುವಂಥದೆಂದು ತಿಳಿಯಿತು. ಪುಸ್ತಕ ಮರೆತದ್ದನ್ನು ರಕ್ತ ನೆನಪಿಟ್ಟುಕೊಂಡಿತ್ತು. ಡಿಎನ್‌ಎ ಕೂಡ ಹೆಸರನ್ನು ಹೇಳುವುದಿಲ್ಲ ಎನ್ನಿ. ಸೀಮೆ ಹೇಳೀತು ಅಷ್ಟೆ. ಹೆಸರು ಬೇಕೆಂದರೆ ಗಂಡಸರ ವಿಲ್ಲುಗಳನ್ನು ಹುಡುಕಬೇಕು. ಬದುಕಿದ್ದಾಗ ಹೆಂಡತಿ ಎನ್ನದವರೂ ಸಾಯುವಾಗ ಇಂಥವಳಿಗೆ ಇಷ್ಟು ಹಣ ಎಂದು ಬರೆಸಿದ್ದುಂಟು.

ನಮ್ಮ ಮನೆಯ ಕಥೆ ಬೇರೆಯೇ? ಎತ್ತಿನ ಮೇಲೆ ಕೂತು ಬರುವ ಹೆಳವರು ಎಷ್ಟೋ ತಲೆಮಾರಿನ ವಂಶಾವಳಿ ಒಪ್ಪಿಸುತ್ತಾರೆ. ಅದು ಹೆಚ್ಚಾಗಿ ಗಂಡುಮಕ್ಕಳ ಸಾಲು. ಮದುವೆಯಲ್ಲಿ ಹುಡುಗಿಯ ಹೆಸರನ್ನೇ ಬದಲಿಸುವ ಪದ್ಧತಿ ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟು ಮನೆಗಳಲ್ಲಿತ್ತು! ತವರಿನ ಪುಟ್ಟಮ್ಮ ಗಂಡನ ಮನೆಯಲ್ಲಿ ಸಾವಿತ್ರಿ. ಎರಡು ತಲೆಮಾರಾದರೆ ಪುಟ್ಟಮ್ಮ ಯಾರೆಂದು ಕೇಳುವವರಿಲ್ಲ. ತಳಿ ಕಾಯುವ ದನದ ಕೇಂದ್ರಗಳಲ್ಲಿ ಕರುವಿನ ಲೆಕ್ಕ ಬರೆಯುವಾಗ ತಾಯಿಹಸುವನ್ನು ಬಿಡುವುದಿಲ್ಲ. ಅಮೃತಮಹಲಿನ ಸೀಮೆಯವರಾದ ನಮಗೆ ಅದನ್ನು ಹೇಳಿಕೊಡಬೇಕಿಲ್ಲ.

ನಾಡಕಚೇರಿಯ ವಂಶವೃಕ್ಷದ ವಿಚಾರ ಇನ್ನೂ ಬಿಸಿಬಿಸಿ. ಪೌತಿ ಖಾತೆಗೆಂದು ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು, ಬಿಡಿಸುವುದು, ಎರಡೂ ನಡೆಯುತ್ತವೆ. ನಮ್ಮ ರಾಜ್ಯದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಪಾಲಿದೆ. ಅರ್ಜಿಗೆ ಸಹಿ ಹಾಕಿ ಎಂದು ಅಣ್ಣ ತಮ್ಮಂದಿರು ಕಾಗದ ತಂದರೆ, ಕಾಫಿ ಕೊಟ್ಟು ಕೂರಿಸಿ ಒಮ್ಮೆ ಓದಿ ನೋಡಿ.

ಹುಡುಕುವವರು ಯಾರಾದರೂ ನಿಮ್ಮಲ್ಲಿಗೇ ಬಂದರೆ? ಬರುತ್ತಾರೆ. ಅವರಿಗೆ ಬೇಕಾದದ್ದು ಇಲ್ಲಿಯ ಮಣ್ಣಿನ ಗುರುತು: ಹಳೆಯ ಕ್ವಾರ್ಟರ್ಸು ಎಲ್ಲಿತ್ತು, ಗೋರಿಗಳು ಎಲ್ಲಿವೆ, ಚರ್ಚು ಯಾವುದು. ಗೋರಿಯ ಕಲ್ಲು ಓದಲಾಗದಿದ್ದರೆ ಬೆಳಗ್ಗೆ ಇಲ್ಲವೆ ಸಂಜೆ ಓರೆಬಿಸಿಲು ಬಿದ್ದಾಗ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ. ಸ್ನಾನದ ಮನೆಗೆ ಹಾಕುವ ಆಸಿಡ್ ಹಾಕಿ ತಿಕ್ಕುವ ಉತ್ಸಾಹ ಬೇಡ, ಇರುವ ಅಕ್ಷರವೂ ಹೋಗುತ್ತದೆ. ಸರ್ಟಿಫಿಕೇಟು ಕೊಡಿಸುತ್ತೇನೆಂದು ಆಧಾರ್ ನಕಲೋ ಮುಂಗಡ ಹಣವೋ ಕೇಳುವವರನ್ನು ಹೊಸಿಲಿನಿಂದಲೇ ಕಳಿಸಿ.

ಮನೆಯಲ್ಲಿ ಹಳೆಯ ಆಲ್ಬಮ್ಮು ಇದ್ದರೆ ಅಜ್ಜಿಯ ಪಕ್ಕದಲ್ಲಿ ಕೂತು ಈ ಭಾನುವಾರವೇ ತೆರೆಯಿರಿ. ಫೋಟೋದ ಹಿಂದೆ ಬರೆಯಲು ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಂದಿನ ಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ಲು ತೆಗೆದುಕೊಂಡು ಅಂಚಿನಲ್ಲಿ ಬರೆಯಿರಿ: ತವರಿನಲ್ಲಿ ಕರೆಯುತ್ತಿದ್ದ ಹೆಸರು, ಮದುವೆಯಾದ ಮೇಲಿನ ಹೆಸರು, ಆಕೆಯ ತಾಯಿಯ ಹೆಸರು, ಹುಟ್ಟಿದ ಊರು.