ಮೊಲಕ್ಕೆ ಹಾರಿಸಿದ ಗುಂಡು ಎಲ್ಲಿ ನಿಲ್ಲುತ್ತದೆ?

ಹೋದ ಹಿಂಗಾರಿಯಲ್ಲಿ ಸಲಗರ ಬುದ್ರುಕದ ನಮ್ಮ ಹೊಲದ ಬದುವಿನ ಮೇಲೆ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕೇಳಿದ: “ಮಾಸ್ತರ, ಕಡಲಿ ಎಲ್ಲಾ ಮೊಲ ಕಡದ ಹಾಕ್ಯಾವ. ಜ್ವಾಳದಾಗ ಹಂದಿ ಹೊಕ್ಕಾವ. ಅಮೇರಿಕಾದಾಗ ಇಂಥಾವಕ್ಕಂತನ ಬ್ಯಾರೆ ಗುಂಡು ಮಾಡ್ತಾರಂತ. ಬಡದರ ನಿಂತ ಜಾಗಾದಾಗನ ಮುಗೀತದಂತ. ಅಂಥಾದೊಂದು ನಮಗ ಸಿಕ್ಕರ?”

ಅವನು ನಗೆಗಾಗಿ ಕೇಳಿದ್ದಲ್ಲ. ಎರಡು ಎಕರೆ ಕಡಲೆ ಎಳೆಯದಿರುವಾಗಲೇ ಸಾಲುಸಾಲು ಹೋಗಿತ್ತು. ಇಂಥ ಮಾತು ಈಗ ಊರೂರಿನ ಕಟ್ಟೆಯ ಮೇಲೆ ಕೇಳಿಬರುತ್ತಿರುವುದರಿಂದ, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಆ ಗುಂಡಿನ ಸುದ್ದಿ ಸುಳ್ಳಲ್ಲ. ಹೊಲ ಹುಲ್ಲುಗಾವಲುಗಳಿಗೆ ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆ ಅಲ್ಲಿಯವರು ‘ವಾರ್ಮಿಂಟ್’ ಎನ್ನುತ್ತಾರೆ. ನೆಲದಲ್ಲಿ ಬಿಲ ತೋಡುವ ಅಳಿಲಿನ ಜಾತಿಯವೇ ಅವುಗಳಲ್ಲಿ ಹೆಚ್ಚು. ಇನ್ನೂರು ಮುನ್ನೂರು ಗಜ ದೂರದಿಂದ ಹೊಡೆಯಬೇಕು, ಮಾಂಸ ಯಾರಿಗೂ ಬೇಡ. ಅದಕ್ಕಾಗಿ ಗುಂಡನ್ನು ಹಗುರ ಮಾಡಿ, ಸೀಸದ ಮೇಲಿನ ತಾಮ್ರದ ಹೊದಿಕೆಯನ್ನು ತೆಳ್ಳಗೆ ಮಾಡಿ, ಬಹಳ ವೇಗದಿಂದ ಹಾರಿಸುತ್ತಾರೆ. ಮೈಗೆ ತಗಲಿದೊಡನೆ ಅದು ಗಾಜಿನ ಗೋಲಿಯಂತೆ ಒಡೆದು ಚೂರಾಗುತ್ತದೆ.

ಇಲ್ಲಿ ಶಾಲೆಯ ಲೆಕ್ಕವೊಂದನ್ನು ಮಾಡಬೇಕು. ಸಾಮಾನ್ಯ ಪಾಯಿಂಟ್ ಇಪ್ಪತ್ತೆರಡು ರೈಫಲಿನ ಗುಂಡು ಸುಮಾರು 2.6 ಗ್ರಾಮು, ಸೆಕೆಂಡಿಗೆ ಸುಮಾರು 1200 ಅಡಿ ಓಡುತ್ತದೆ. 1950ರಲ್ಲಿ ರೆಮಿಂಗ್ಟನ್ ಕಂಪನಿ ತಂದ ‘ಟ್ರಿಪಲ್ ಟೂ’ ಕಾಡತೂಸಿನ ಗುಂಡು 3.2 ಗ್ರಾಮು, ವೇಗ ಸುಮಾರು 3200 ಅಡಿ. ತೂಕದಲ್ಲಿ ವ್ಯತ್ಯಾಸ ಗುಲಗಂಜಿಯಷ್ಟು. ಆದರೆ ವೇಗ ಎರಡು ಪಟ್ಟಾದರೆ ಪೆಟ್ಟಿನ ಬಲ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಈ ಎರಡು ಗುಂಡುಗಳ ಲೆಕ್ಕ ಹಾಕಿದರೆ ಎರಡನೆಯದರ ಬಲ ಮೊದಲನೆಯದಕ್ಕಿಂತ ಸುಮಾರು ಒಂಬತ್ತು ಪಟ್ಟು ಬರುತ್ತದೆ. ಅಷ್ಟು ಬಲ ಎರಡು ಮೂರು ಕಿಲೋದ ಮೊಲದ ಮೈಯಲ್ಲಿ ಒಮ್ಮೆಲೆ ಬಿಚ್ಚಿಕೊಂಡರೆ ಉಳಿಯುವುದು ಕಿವಿ ಮತ್ತು ಕಾಲು.

ಅದೇ ಗುಂಡನ್ನು ಹಂದಿಗೆ ಹೊಡೆದರೆ ಏನಾಗುತ್ತದೆ? ನಮ್ಮವರು ತಪ್ಪುವುದು ಇಲ್ಲಿಯೇ. ಮೊಲವನ್ನು ಛಿದ್ರ ಮಾಡಿದ್ದು ಹಂದಿಯನ್ನು ಕೆಡವಲಾರದೇ ಎಂದು ಕೇಳುತ್ತಾರೆ. ಒಡೆಯುವುದಕ್ಕೆಂದೇ ಮಾಡಿದ ಗುಂಡು ಹಂದಿಯ ದಪ್ಪ ಚರ್ಮ, ಭುಜದ ಮಾಂಸಖಂಡಗಳಲ್ಲಿಯೇ ಒಡೆದುಹೋಗಬಹುದು; ಗುಂಡಿಗೆಯವರೆಗೆ ಹೋಗದು. ಮೇಲೆ ದೊಡ್ಡ ಗಾಯ, ಒಳಗೆ ಜೀವ ಗಟ್ಟಿ. ಅಂಥ ಹಂದಿ ಕಬ್ಬಿನಲ್ಲಿ ಹೊಕ್ಕು ಮಲಗುತ್ತದೆ. ಬೆಳಗಾದರೆ ಅಲ್ಲಿ ಕೊಯ್ತ ಹಿಡಿದು ಹೋಗುವವರು ಯಾರು? ಗುಂಡು ಹಾರಿಸಿದವನಂತೂ ಅಲ್ಲ.

ತಪ್ಪಿದ ಗುಂಡಿನ ಮಾತು ಇನ್ನೂ ದೊಡ್ಡದು. ಹನ್ನೆರಡು ಬೋರಿನ ಬಂದೂಕಿನ ಛರ್ರೆಗಳ ಕೆಲಸ ನಲವತ್ತು ಗಜದ ಸುಮಾರಿಗೆ ಮುಗಿಯಿತು. ರೈಫಲಿನದು ಹಾಗಲ್ಲ. ಸಣ್ಣ ಇಪ್ಪತ್ತೆರಡರ ಗುಂಡು ಕೂಡ ಒಂದೂವರೆ ಮೈಲಿನವರೆಗೆ ಅಪಾಯವೆಂದು ಅದರ ಪೆಟ್ಟಿಗೆಯ ಮೇಲೆಯೇ ಅಚ್ಚುಹಾಕಿರುತ್ತಾರೆ. ಅದು ಕಲ್ಲಿಗೆ ಬಡಿದರೆ ದಿಕ್ಕು ಬದಲಿಸಿ ಸಿಡಿಯುತ್ತದೆ. ಬೇಗ ಒಡೆಯುವ ಗುಂಡು ನೆಲಕ್ಕೆ ಬಿದ್ದರೆ ಸಿಡಿಯುವುದು ಕಡಿಮೆ, ಒಪ್ಪಿದೆ. ಆದರೆ ಗಾಳಿಯಲ್ಲಿ ಅದನ್ನು ಒಡೆಯುವವರಾರು? ನಮ್ಮ ಎರೆನೆಲ ಅಂಗೈಯಂತೆ ಸಮ. ಜೋಳ ಎದೆಮಟ್ಟ ನಿಂತಾಗ ಅದರಾಚೆ ಯಾರು ಕಸ ತೆಗೆಯುತ್ತಿದ್ದಾರೆ, ಯಾವ ವಸ್ತಿಯಲ್ಲಿ ಕೂಸು ಮಲಗಿದೆ, ರಾತ್ರಿ ಬ್ಯಾಟರಿ ಹಿಡಿದವನಿಗೆ ಕಾಣುವುದಿಲ್ಲ.

ನಾನು ಸಣ್ಣವನಿದ್ದಾಗ ನೆಂಟರೊಬ್ಬರು ಹೊಡೆದು ತಂದ ಮೊಲದ ಸಾರು ಉಣ್ಣುವಾಗ ನನ್ನ ಹಲ್ಲಿಗೆ ಛರ್ರೆಯೊಂದು ಸಿಕ್ಕಿತ್ತು. ಆಗಲೂ ಆ ಬೇಟೆ ಕಾಯಿದೆಗೆ ವಿರುದ್ಧವೇ, ಕೇಳುವವರಿರಲಿಲ್ಲ, ಅಷ್ಟೆ. ಅವ್ವ ಛರ್ರೆಯನ್ನು ತೆಗೆದು ಒಗೆದಳು. ಛರ್ರೆ ಕಾಣುತ್ತದೆ, ತೆಗೆಯಬಹುದು. ಒಡೆಯುವ ಗುಂಡಿನ ಸೀಸ ಹಿಟ್ಟಿನಂತಾಗಿ ಗಾಯದ ಸುತ್ತ ದೂರದವರೆಗೆ ಮಾಂಸದಲ್ಲಿ ಸೇರುತ್ತದೆ. ತೊಳೆದರೆ ಹೋಗದು, ಕುದಿಸಿದರೆ ಕರಗದು. ಸೀಸ ಮಕ್ಕಳ ಮೆದುಳಿಗೆ ವಿಷ. ಸತ್ತ ಪ್ರಾಣಿಯನ್ನು ತಿನ್ನುವ ಹದ್ದುಗಳಿಗೂ ಅದೇ ಗತಿ. ಇದೇ ಕಾರಣದಿಂದ ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತ್ಯ 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಲ್ಲಿಸಿತು.

ಇನ್ನು ಕಾಯಿದೆ. 1959ರ ಶಸ್ತ್ರ ಕಾಯಿದೆಯಲ್ಲಿ ಬೆಳೆ ಕಾಯುವುದಕ್ಕೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಪರವಾನಗಿ ಇದ್ದರೂ ಅದು ಬಂದೂಕಿನ ಪರವಾನಗಿ, ಬೇಟೆಯದಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯಂತೆ ಮೊಲವನ್ನಾಗಲಿ ಹಂದಿಯನ್ನಾಗಲಿ ಅಧಿಕಾರಿಯ ಬರಹದ ಅಪ್ಪಣೆ ಇಲ್ಲದೆ ಹೊಡೆಯುವಂತಿಲ್ಲ. ಚಿಗರೆ ಮತ್ತು ನವಿಲು ಮೊದಲ ಪಟ್ಟಿಯಲ್ಲಿವೆ. ಬೆಳೆ ತಿಂದವೆಂಬ ಕಾರಣಕ್ಕೆ ಅವುಗಳಿಗೆ ಅಪ್ಪಣೆಯೂ ಸಿಗದು. ನಮ್ಮ ಜಿಲ್ಲೆಯ ನಾನ್ನಜದಲ್ಲಿ 1979ರಿಂದ ಮಾಳಢೋಕ ಹಕ್ಕಿಗಾಗಿ ಇರುವ ಅಭಯಾರಣ್ಯದಲ್ಲಿ ಚಿಗರೆಗಳ ಹಿಂಡೇ ಇದೆ. ಅವಕ್ಕೆ ನಮ್ಮ ಬದು ಯಾವುದು, ಸರಕಾರದ ಬದು ಯಾವುದು ಎಂಬ ಭೇದ ತಿಳಿಯದು. ಆ ಸಿಟ್ಟು ನನಗೂ ಇದೆ.

ಹಾಗಾದರೆ ನಷ್ಟವನ್ನು ನುಂಗಿಕೊಂಡು ಕೂಡಬೇಕೇ? ಬೇಡ. ಹಂದಿ, ಚಿಗರೆ ಹೊಕ್ಕು ಬೆಳೆ ಹಾಳಾದರೆ ಅರಣ್ಯ ಖಾತೆಯಿಂದ ಪರಿಹಾರ ಉಂಟು. ತಡಮಾಡದೆ ಅರ್ಜಿ ಕೊಟ್ಟು, ಬೆಳೆ ನಿಂತಿರುವಾಗಲೇ ಪಂಚನಾಮೆ ಮಾಡಿಸಬೇಕು. ಹೆಜ್ಜೆ ಗುರುತು ಅಳಿಸುವ ಮೊದಲೇ ಫೋಟೋ ತೆಗೆದಿಡಿರಿ. ಸಾತಬಾರಾ ಉತಾರೆ ಜೊತೆಗಿರಲಿ. ಸಿಗುವ ಹಣ ನಷ್ಟದಷ್ಟು ಇರುವುದಿಲ್ಲವೆಂಬುದು ನಿಜ. ಅರ್ಜಿಯನ್ನು ಮರಾಠಿಯಲ್ಲಿ ಬರೆಯುವುದು ತೊಡಕೆನಿಸಿದರೆ ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಕಡೆ ಬರಬಹುದು.

ನನ್ನ ವಿದ್ಯಾರ್ಥಿ ರೈಫಲಿನ ಮಾತು ಬಿಟ್ಟ. ಮೊಲ ನಾಲಾದ ಕಡೆಯಿಂದಲೇ ಬರುತ್ತವೆಂದು ಹೆಜ್ಜೆ ನೋಡಿ ಕಂಡುಕೊಂಡು, ಆ ಒಂದು ಮಗ್ಗುಲಿಗೆ ಸಣ್ಣ ಕಣ್ಣಿನ ತಂತಿಜಾಳಿಗೆ ಕಟ್ಟಿ, ಬುಡವನ್ನು ಗೇಣುದ್ದ ಮಣ್ಣಿನಲ್ಲಿ ಹುಗಿದ. ಎಳೆಯ ಕಡಲೆ ಗಟ್ಟಿಯಾಗುವವರೆಗೆ ರಾತ್ರಿ ತಾನೂ ತಮ್ಮನೂ ಸರದಿಯಿಂದ ಕಾದರು. ಹಂದಿಗೆ ಮಾತ್ರ ಆ ಜಾಳಿಗೆ ಲೆಕ್ಕಕ್ಕಿಲ್ಲ. ಅದರ ಅರ್ಜಿ ಇನ್ನೂ ಕಚೇರಿಯಲ್ಲಿದೆ.