ನಿಮಗಿದು ಗೊತ್ತೆ? ಹಾಡುವ ಗವಿ ಮತ್ತು ನಮ್ಮ ಕರಿಕಲ್ಲು

ಬಾಗೇವಾಡಿ ಸೀಮೆಯ ನಮ್ಮ ಗೊಳಸಂಗಿಯಿಂದ ಸಮುದ್ರ ಬಲು ದೂರ. ಆದರೆ ಇಲ್ಲಿನ ಎರೆಮಣ್ಣಿಗೂ ಸ್ಕಾಟ್ಲೆಂಡಿನ ಒಂದು ಕಡಲ ಗವಿಗೂ ನಂಟುಂಟು. ಎರಡಕ್ಕೂ ಮೂಲ ಲಾವಾರಸ ಆರಿ ಗಟ್ಟಿಯಾದ ಕರಿಕಲ್ಲು, ಬಸಾಲ್ಟ್. ನಮ್ಮದು ಸುಮಾರು 6.6 ಕೋಟಿ ವರ್ಷ ಹಳೆಯದು. ಅದು ಪುಡಿಯಾಗಿಯೇ ಜೋಳ ಬೆಳೆವ ಎರೆ ಹುಟ್ಟಿತು.

ಆ ಗವಿಯ ಹೆಸರು ಫಿಂಗಲ್ಸ್ ಕೇವ್, ಸ್ಟ್ಯಾಫಾ ದ್ವೀಪದಲ್ಲಿದೆ. ಲಾವಾ ನಿಧಾನ ತಣ್ಣಗಾಗುತ್ತ ಕುಗ್ಗಿದಾಗ, ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟು ಕಂಬಗಳಾಯಿತು. ಹೆಚ್ಚಿನವು ಆರು ಮುಖದವು. ಅಲೆಗಳು ಅವನ್ನು ಕೊರೆದು ಗವಿ ಮಾಡಿದವು. ಮುರಿದ ಕಂಬಗಳ ತಲೆ ಮೇಲೆ ಹೆಜ್ಜೆಯಿಟ್ಟೇ ಒಳಗೆ ಹೋಗಬೇಕು. ಒಳಗೆ ನೀರು ಅಪ್ಪಳಿಸಿದರೆ ಕಮಾನಿನ ಸೂರು ಮೊಳಗುತ್ತದೆ. ಅಲ್ಲಿನ ಗೇಲಿಕ್ ಜನ ಇದನ್ನು 'ಇಂಪಾದ ಗವಿ' ಎಂದೇ ಕರೆದರು. ಎಂಥ ಚೆಂದದ ಹೆಸರು! 1829ರಲ್ಲಿ ಸಂಗೀತಗಾರ ಮೆಂಡೆಲ್ಸನ್ ಇಲ್ಲಿಗೆ ಬಂದರು. 'ದಿ ಹೆಬ್ರಿಡೀಸ್' ಎಂಬ ಅವರ ಕೃತಿಗೆ 'ಫಿಂಗಲ್ಸ್ ಕೇವ್' ಎಂಬ ಹೆಸರೂ ಇದೆ.

ಅಷ್ಟು ದೂರ ಹೋಗಲಾಗದವರಿಗೆ ಉಡುಪಿಯ ಮಲ್ಪೆ ಇದೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಗವಿ ಸಿಗದು, ಕಂಬಗಳು ಸಿಗುತ್ತವೆ. ಇವು ಸುಮಾರು 8.8 ಕೋಟಿ ವರ್ಷ ಹಿಂದಿನವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಈ ಕಲ್ಲುಗಳ ಮೇಲೆ ದಯವಿಟ್ಟು ಹೆಸರು ಕೆತ್ತಬೇಡಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ದಸರಾ ರಜೆ ಮುಗಿದ ಮೇಲೆ ಹೊರಡುವುದು ಒಳ್ಳೆಯದು.