ಒಂದು ತಂತಿ, ಹಲವು ಗುಂಡಿ

ಹಳೆಯ ಕಾರುಗಳ ಅಗ್ಗದ ಮಾದರಿಗಳಲ್ಲಿ ಸ್ಟೀರಿಂಗ್‌ನ ಎಡಬಲಕ್ಕೆ ಎಷ್ಟೋ ಸಲ ಬರಿಯ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದೇ ಕಾರಿನ ದುಬಾರಿ ಮಾದರಿಯಲ್ಲಿ ಆ ಜಾಗದಲ್ಲಿ ಸದ್ದು ಏರಿಸಿ ಇಳಿಸುವ, ಹಾಡು ಬದಲಿಸುವ ಗುಂಡಿಗಳು. ಇದನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಎರಡು ಸೆಕೆಂಡು ಕಣ್ಣು ಸ್ಟೀರಿಯೊ ಕಡೆ ಹೊರಳಿದರೆ 33 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿರುತ್ತೇವೆ. ಹೆಬ್ಬೆರಳಿಗೆ ಸಿಗುವ ಗುಂಡಿಗೆ ಕಣ್ಣಿನ ಹಂಗಿಲ್ಲ.

ಇಂಥ ಗುಂಡಿಗಳನ್ನು ಹಳೆಯ ಕಾರಿಗೆ ಆಮೇಲೂ ಹಾಕಿಸಬಹುದು. ಕಾರಿನ ಬಿಡಿಭಾಗ ಮಾರುವ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿಗುವ ಆಂಡ್ರಾಯ್ಡ್ ಸ್ಟೀರಿಯೊಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ‘ಕೀ 1’, ‘ಕೀ 2’ ಎಂದು ಬರೆದ ಎರಡು ವೈರುಗಳು ಇಳಿಬಿದ್ದಿರುತ್ತವೆ. ಐದಾರು ಗುಂಡಿಗಳಿಗೆ ಇವುಗಳಲ್ಲಿ ಒಂದು ವೈರು ಮತ್ತು ಒಂದು ಅರ್ಥ್ ಇದ್ದರೆ ಸಾಕು. ಒತ್ತಿದ್ದು ಯಾವ ಗುಂಡಿ ಎಂಬುದು ಸ್ಟೀರಿಯೊಗೆ ಹೇಗೆ ಗೊತ್ತಾಗುತ್ತದೆ? ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳದಿಂದಲೇ ಬಂದವರು ಯಾರೆಂದು ಮನೆಯವರು ಹೇಳುವುದಿಲ್ಲವೇ, ಹಾಗೆ.

ಪ್ರತಿ ಗುಂಡಿಯ ಹಿಂದೆ ಬೇರೆ ಬೇರೆ ಪ್ರಮಾಣದಲ್ಲಿ ವಿದ್ಯುತ್ತನ್ನು ತಡೆಯುವ ರೆಸಿಸ್ಟರ್ ಇರುತ್ತದೆ. ಸ್ಟೀರಿಯೊ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಆ ವೈರಿಗೆ ಸಣ್ಣ ವೋಲ್ಟೇಜ್ ಕೊಟ್ಟು ಕಾಯುತ್ತಿರುತ್ತದೆ. ಅದು 5 ವೋಲ್ಟ್, ಒಳಗಿನ ರೆಸಿಸ್ಟರ್ 1,000 ಓಮ್ ಎಂದಿಟ್ಟುಕೊಳ್ಳಿ. 330 ಓಮ್‌ನ ಗುಂಡಿ ಒತ್ತಿದರೆ ವೈರಿನ ವೋಲ್ಟೇಜ್ 1.24ಕ್ಕೆ ಇಳಿಯುತ್ತದೆ, 1,000 ಓಮ್‌ನದಾದರೆ 2.5ಕ್ಕೆ, 3,300 ಓಮ್‌ನದಾದರೆ 3.84ಕ್ಕೆ. ಸ್ಟೀರಿಯೊದ ಚಿಪ್ ಇದನ್ನು ಅಳೆದು ಸಂಖ್ಯೆಯಾಗಿಸುತ್ತದೆ. ‘ಕಲಿಸುವ’ ಹಂತದಲ್ಲಿ ನಾವು ಒಂದೊಂದೇ ಗುಂಡಿ ಒತ್ತಿ ಇದು ಸದ್ದು ಹೆಚ್ಚಿಸುವುದು, ಇದು ಮುಂದಿನ ಹಾಡು ಎಂದು ತೋರಿಸಿದಾಗ ಅದು ನೆನಪಿಡುವುದು ಆ ಸಂಖ್ಯೆಯನ್ನೇ. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮೂರನೆಯದೇ ಒಂದು ವೋಲ್ಟೇಜ್ ಹುಟ್ಟುತ್ತದೆ. ಗುಂಡಿಯ ಸಂಪರ್ಕಕ್ಕೆ ಕಿಲುಬು ಹಿಡಿದರೆ ಅದರ ತಡೆಯೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಸದ್ದು ಇಳಿಸಲು ಹೋದರೆ ಹಾಡು ಬದಲಾಗುವುದು ಇದರಿಂದಲೇ. ಇಷ್ಟು ಸರಳ ಗಣಿತ ಇಷ್ಟು ವೈರು ಉಳಿಸುತ್ತದಲ್ಲ, ಅದು ನನಗೆ ಈಗಲೂ ಸೋಜಿಗವೇ. ಹೊಸ ಕಾರುಗಳಲ್ಲಿ ಗುಂಡಿಗಳು ಡಿಜಿಟಲ್ ಸಂದೇಶ ಕಳಿಸುವುದೂ ಉಂಟು. ಅಲ್ಲಿ ನಡುವೆ ಅಡಾಪ್ಟರ್ ಬೇಕು.

ನಿಜವಾದ ತೊಡಕು ಬೇರೆ ಇದೆ. ಸ್ಟೀರಿಂಗ್ ತಿರುಗುತ್ತದೆ, ಸ್ಟೀರಿಯೊ ತಿರುಗುವುದಿಲ್ಲ. ಮಾಮೂಲಿ ವೈರು ಎಳೆದರೆ ನಾಲ್ಕು ತಿರುವಿನಲ್ಲಿ ಹರಿದೀತು. ಅದಕ್ಕಾಗಿ ಸ್ಟೀರಿಂಗ್ ಹಿಂದೆ ‘ಕ್ಲಾಕ್ ಸ್ಪ್ರಿಂಗ್’ ಎಂಬ ದುಂಡನೆಯ ಡಬ್ಬಿ ಕೂರಿಸುತ್ತಾರೆ. ಒಳಗೆ ಚಪ್ಪಟೆ ರಿಬ್ಬನ್ ತಂತಿ ಸುರುಳಿಯಾಗಿದ್ದು, ಒಂದು ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ, ಇನ್ನೊಂದು ಕಡೆಗೆ ಸಡಿಲವಾಗುತ್ತದೆ. ಚಕ್ರಗಳು ನೇರವಾಗಿರುವಾಗ ಸುರುಳಿಯೂ ನಟ್ಟನಡುವೆ ಇರಬೇಕು. ನಡುಬಿಂದು ತಪ್ಪಿಸಿ ಕೂರಿಸಿದರೆ, ಯಾವುದೋ ಯೂ ಟರ್ನ್‌ನಲ್ಲಿ ರಿಬ್ಬನ್ ಕಿತ್ತುಹೋಗುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ತಂತಿಯೂ ಇದೇ ಡಬ್ಬಿಯಲ್ಲಿ ಹಾಯುವುದರಿಂದ ಹಾಡಿನ ಜೊತೆಗೆ ರಕ್ಷಣೆಯೂ ಹೋಗುತ್ತದೆ.

ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲಿ ಅದೂ ಇಲ್ಲ, ಕ್ಲಾಕ್ ಸ್ಪ್ರಿಂಗೂ ಇಲ್ಲ. ಹಾರ್ನ್‌ಗೆ ಒಂದು ಉಜ್ಜುವ ಸಂಪರ್ಕ ಮಾತ್ರ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕೈಹಾಕುವ ಮುನ್ನ ಬ್ಯಾಟರಿ ಬಿಚ್ಚಲೇಬೇಕು. ಬಿಚ್ಚಿದ ಮೇಲೂ ಅಪಘಾತದ ಹೊತ್ತಿಗೆಂದು ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹಾಗಾಗಿ ಆ ಕಾರಿನ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗೆ ಮಲ್ಟಿಮೀಟರ್ ಮುಟ್ಟಿಸಲೇಬಾರದು. ಮೀಟರಿನ ಸಣ್ಣ ಕರೆಂಟೂ ಏರ್‌ಬ್ಯಾಗ್ ಉಬ್ಬಿಸುವ ಸಿಡಿಮದ್ದಿಗೆ ಕಿಡಿಯಾದೀತು. ಇದು ತರಬೇತಾದ ಮೆಕ್ಯಾನಿಕ್‌ನ ಕೆಲಸ ಎಂದೇ ನನ್ನ ಅಭಿಪ್ರಾಯ.

ಕ್ಲಾಕ್ ಸ್ಪ್ರಿಂಗ್ ಇಲ್ಲದವರಿಗೆ ಬಟನ್ ಸೆಲ್‌ನಿಂದ ನಡೆಯುವ ವೈರ್‌ಲೆಸ್ ಗುಂಡಿಗಳಿವೆ. ರಿಸೀವರ್ ಸ್ಟೀರಿಯೊ ಹಿಂದೆ ಇರುತ್ತದೆ, ಗುಂಡಿಗಳನ್ನು ಸ್ಟೀರಿಂಗ್‌ಗೆ ಪಟ್ಟಿಯಿಂದ ಕಟ್ಟಿದರಾಯಿತು. ಏರ್‌ಬ್ಯಾಗ್ ಇದ್ದೂ ಇದನ್ನೇ ಹಾಕಿಸುವವರು ಗುಂಡಿಗಳನ್ನು ನಡುವಿನ ಹಾರ್ನ್ ಮುಚ್ಚಳದ ಮೇಲೆ ಅಂಟಿಸಲೇಬಾರದು. ಏರ್‌ಬ್ಯಾಗ್ ಸೀಳಿಕೊಂಡು ಬರುವುದು ಅದೇ ಮುಚ್ಚಳವನ್ನು, ಮೇಲಿದ್ದದ್ದು ನೇರ ಮುಖಕ್ಕೇ ಹಾರುತ್ತದೆ.